ಒಂದು ಸಹಿ, ಆರು ತಾಸು: ಬಳ್ಳಾರಿಯಲ್ಲೇ ಅಪಹರಣದ ಥ್ರಿಲ್ಲರ್ ಕಿರುಚಿತ್ರ ತೆಗೆಯುವುದು ಹೇಗೆ

ಅಪಹರಣದ ಕತೆ ಅಂದ ಕೂಡಲೇ ಕಪ್ಪು ಗಾಜಿನ ವ್ಯಾನು, ಹಗ್ಗ, ಗೋಡೌನಿನಲ್ಲಿ ತೂಗಾಡುವ ಬಲ್ಬು ಕಣ್ಣಮುಂದೆ ಬರುತ್ತವೆ. ಇಪ್ಪತ್ತೆರಡು ನಿಮಿಷದ ಕಿರುಚಿತ್ರಕ್ಕೆ ಇವು ಯಾವುವೂ ಮುಖ್ಯವಲ್ಲ. ಕಳೆದುಹೋದದ್ದು ಒಬ್ಬ ಮನೋವೈದ್ಯನ ಮಗಳು ಎಂದಾದರೆ ಕತೆಯ ಜೀವ ಬೇರೆ ಕಡೆ ಇದೆ. ಆ ವೈದ್ಯನ ಕಸುಬೇ ತಾಳ್ಮೆಯದು. ಎದುರಿಗಿನವರು ಬಾಯಿಬಿಡುವ ತನಕ ಕಾಯುವುದು, ಅವಸರ ಮಾಡದಿರುವುದು. ಅಪಹರಣಕಾರ ಮೊದಲು ಮಗಳನ್ನು ಒಯ್ಯುತ್ತಾನೆ, ಆಮೇಲೆ ಆ ತಾಳ್ಮೆಯನ್ನು ಒಯ್ಯುತ್ತಾನೆ. ಚಿತ್ರ ತೋರಿಸಬೇಕಾದದ್ದು ಎರಡನೆಯದನ್ನು. ಇದನ್ನು ಹಿಡಿದುಕೊಂಡರೆ ಬಳ್ಳಾರಿ, ಸಿರುಗುಪ್ಪಗಳಲ್ಲೇ ನಾಲ್ಕು ದಿನ, ಎಂಟು ಹತ್ತು ಜನ, ಒಂದು ಕ್ಯಾಮೆರಾದಲ್ಲಿ ಕೆಲಸ ಮುಗಿಯುತ್ತದೆ.

ಬೇಡಿಕೆಯನ್ನು ಮೊದಲು ಗಟ್ಟಿ ಮಾಡಿ

ಹಣ ಕೇಳಿಸಬೇಡಿ. ಹಣವನ್ನು ಯಾವ ಅಪ್ಪನ ಹತ್ತಿರವಾದರೂ ಕೇಳಬಹುದು, ಹಾಗಾದರೆ ನಾಯಕ ಮನೋವೈದ್ಯನೇ ಯಾಕಾಗಬೇಕು? ಅವನೊಬ್ಬನೇ ಕೊಡಬಲ್ಲ ವಸ್ತುವನ್ನು ಕೇಳಬೇಕು. ಮಾತು ನಿಲ್ಲಿಸಿರುವ ರೋಗಿಯಿಂದ ಗುಟ್ಟು ಹೊರಡಿಸು ಎನ್ನುವುದು ಒಂದು ದಾರಿ, ಆದರೆ ಅದು ಸವೆದ ದಾರಿ. ನಮ್ಮ ಊರುಗಳಿಗೆ ಹೆಚ್ಚು ಒಪ್ಪುವುದು ಒಂದು ಹಾಳೆ, ಒಂದು ಸಹಿ.

ಕತೆಯ ಕಟ್ಟು ಹೀಗಿರಲಿ. ಸಿರುಗುಪ್ಪದ ಒಂದು ರೈಸ್ ಮಿಲ್ಲಿನ ರಾತ್ರಿ ಕಾವಲುಗಾರ, ಅರವತ್ತು ದಾಟಿದ ಅಜ್ಜ, ಒಂದು ಕೊಲೆಗೆ ಕಣ್ಣಾರೆ ಸಾಕ್ಷಿ. ಬೈಪೋಲಾರ್ (ಮನಸ್ಸು ಒಮ್ಮೆ ಅತಿಯಾಗಿ ಉಬ್ಬುವ, ಒಮ್ಮೆ ಅತಿಯಾಗಿ ಕುಗ್ಗುವ) ಕಾಯಿಲೆಗೆ ವರ್ಷಗಳಿಂದ ಗುಳಿಗೆ ತೆಗೆದುಕೊಳ್ಳುತ್ತಿದ್ದಾನೆ, ಚೆನ್ನಾಗಿದ್ದಾನೆ. ಮಧ್ಯಾಹ್ನ ಮೂರಕ್ಕೆ ಕೋರ್ಟಿನಲ್ಲಿ ಅವನ ಸಾಕ್ಷಿ. ಬೆಳಿಗ್ಗೆ ಒಂಬತ್ತಕ್ಕೆ ಡಾಕ್ಟರಿಗೆ ಫೋನು ಬರುತ್ತದೆ.

ಇಲ್ಲಿಯೇ ಬಹಳ ಸ್ಕ್ರಿಪ್ಟುಗಳು ಮುಗ್ಗರಿಸುವುದು. ‘ಅವನು ಹುಚ್ಚ ಅಂತ ಬರೆದುಕೊಡು’ ಎಂದು ಖಳ ಹೇಳಿದರೆ ಕಾನೂನು ಬಲ್ಲ ನೋಡುಗ ಅಲ್ಲೇ ಎದ್ದುಹೋಗುತ್ತಾನೆ. 2017ರ ಮಾನಸಿಕ ಆರೋಗ್ಯ ಕಾಯ್ದೆಯ ಪ್ರಕಾರ, ಒಬ್ಬರಿಗೆ ಮಾನಸಿಕ ಕಾಯಿಲೆ ಇದೆ ಎಂದ ಮಾತ್ರಕ್ಕೆ ಅವರು ಬುದ್ಧಿ ಸ್ಥಿಮಿತದಲ್ಲಿಲ್ಲ ಎಂದಾಗುವುದಿಲ್ಲ. ಅದನ್ನು ಹೇಳಬೇಕಾದದ್ದು ನ್ಯಾಯಾಲಯ. ಹಿಂದೆ ಚಿಕಿತ್ಸೆ ಪಡೆದದ್ದೊಂದೇ ಈಗಿನ ತೀರ್ಮಾನಕ್ಕೆ ಆಧಾರವೂ ಆಗದು. ಆದ್ದರಿಂದ ಖಳ ಜಾಣನಾಗಿರಬೇಕು, ಚಿಕ್ಕದನ್ನೇ ಕೇಳಬೇಕು: ‘ಇವತ್ತೊಂದು ದಿನ ಸಾಕ್ಷಿ ಹೇಳೋ ಸ್ಥಿತಿಯಾಗ ಇಲ್ಲ ಅಂತ ಬರೀರಿ ಸಾಕು.’ ಒಂದು ದಿನದ ಮುಂದೂಡಿಕೆ. ಆ ರಾತ್ರಿ ಅಜ್ಜನಿಗೆ ಏನಾಗುತ್ತದೆ ಎನ್ನುವುದನ್ನು ಯಾರೂ ಹೇಳಬೇಕಿಲ್ಲ, ಡಾಕ್ಟರಿಗೂ ನೋಡುಗರಿಗೂ ತಾನಾಗಿ ಗೊತ್ತಾಗುತ್ತದೆ. ಬೇಡಿಕೆ ಸಣ್ಣದಾದಷ್ಟೂ ಒತ್ತಡ ದೊಡ್ಡದು.

ಇನ್ನೊಂದು ಬಿಗಿ ಗಂಟು ಕಾನೂನಿನಲ್ಲೇ ಇದೆ. ಜೀವಬೆದರಿಕೆಯಲ್ಲಿ ಮಾಡಿದ ತಪ್ಪಿಗೆ ವಿನಾಯಿತಿ ಕೊಡುವ ಕಲಂ ಭಾರತೀಯ ನ್ಯಾಯ ಸಂಹಿತೆಯ 32. ಅದು ಬೆದರಿಕೆಗೆ ಒಳಗಾದವನ ಸ್ವಂತ, ತಕ್ಷಣದ ಸಾವಿನ ಭಯಕ್ಕೆ ಮಾತ್ರ. ಮಗಳ ಜೀವದ ಭಯಕ್ಕೆ ಆ ಕಲಮಿನಲ್ಲಿ ಜಾಗವಿಲ್ಲ. ಡಾಕ್ಟರು ಗೆಳೆಯನಾದ ವಕೀಲನಿಗೆ ‘ಯಾರೋ ಒಬ್ಬರ ಕೇಸು’ ಎಂದು ನೆಪ ಹೇಳಿ ಇದನ್ನು ಕೇಳಿ ತಿಳಿದುಕೊಳ್ಳುವ ಅರ್ಧ ನಿಮಿಷದ ದೃಶ್ಯ ಬರೆಯಿರಿ. ಖಳ ಮುಚ್ಚಿದ ಬಾಗಿಲುಗಳ ಜೊತೆ ಇದೂ ಒಂದು ಮುಚ್ಚಿತು.

ನಾಲ್ಕು ಫೋನು

ಚಿತ್ರದ ಬೆನ್ನೆಲುಬು ಫೋನು ಕರೆಗಳು. ನಾಲ್ಕಕ್ಕಿಂತ ಹೆಚ್ಚು ಬೇಡ. 3ನೇ, 8ನೇ, 13ನೇ, 18ನೇ ನಿಮಿಷದ ಆಸುಪಾಸಿನಲ್ಲಿ ಬರಲಿ. ಪ್ರತಿ ಕರೆಯೂ ಡಾಕ್ಟರಿಂದ ಒಂದನ್ನು ಕಿತ್ತುಕೊಳ್ಳಬೇಕು. ಮೊದಲ ಕರೆಯಲ್ಲಿ ಬೇರೆಯವರಿಗೆ ಹೇಳುವ ಸ್ವಾತಂತ್ರ್ಯ ಹೋಗುತ್ತದೆ, ಎರಡನೆಯದರಲ್ಲಿ ಸಮಯ (ಮಧ್ಯಾಹ್ನ ಮೂರರ ಗಡುವು ಎರಡಕ್ಕೆ ಇಳಿಯುತ್ತದೆ), ಮೂರನೆಯದರಲ್ಲಿ ಗುಟ್ಟಾಗಿ ನೆರವಾಗುತ್ತಿದ್ದ ಒಬ್ಬ ಮನುಷ್ಯ, ನಾಲ್ಕನೆಯದರಲ್ಲಿ ತನ್ನ ಮೇಲಿನ ನಂಬಿಕೆ. ಏನನ್ನೂ ಕಿತ್ತುಕೊಳ್ಳದೆ ಬರೀ ಹೆದರಿಸುವ ಕರೆ ಇದ್ದರೆ ಅದನ್ನು ಕತ್ತರಿಸಿ.

ಖಳನ ಮಾತಿನ ಬಗ್ಗೆ ಒಂದು ಕಿವಿಮಾತು. ಮೊದಲ ಮೂರು ಕರೆಗಳಲ್ಲೂ ಅವನು ಮರ್ಯಾದೆ ಬಿಡಬಾರದು. ‘ಡಾಕ್ಟ್ರೇ, ನಾಷ್ಟಾ ಆತೇನ್ರಿ?’ ಎಂದು ಶುರುಮಾಡಲಿ. ನಾಲ್ಕನೆಯದರಲ್ಲಿ ಮೊದಲ ಸಲ ‘ನೀನು’ ಎನ್ನಲಿ. ಆ ಒಂದು ಪದ ಕೂಗಾಟಕ್ಕಿಂತ ಹೆಚ್ಚು ಕೊರೆಯುತ್ತದೆ.

ಸ್ಕ್ರಿಪ್ಟಿನ ಉದ್ದವನ್ನು ಪುಟ ಎಣಿಸಿ ಅಳೆಯಬೇಡಿ. ಇಬ್ಬರು ಕೂತು ಗಟ್ಟಿಯಾಗಿ ಓದಿ, ಫೋನಿನ ಸ್ಟಾಪ್‌ವಾಚ್ ಹಿಡಿಯಿರಿ. ಓದಿದಾಗ 17 ನಿಮಿಷ ಬಂದರೆ ತೆರೆಯ ಮೇಲೆ ಮೌನಗಳು ಸೇರಿ 22 ಆಗುತ್ತದೆ.

ಡಾಕ್ಟರ ಕೋಣೆ

ಸಿನಿಮಾದ ಮನೋವೈದ್ಯನಿಗೆ ಒರಗುಕುರ್ಚಿ, ಪುಸ್ತಕದ ಕಪಾಟು, ಮಂದ ಬೆಳಕು ಇರುತ್ತವೆ. ಜಿಲ್ಲಾ ಮಟ್ಟದ ಸರ್ಕಾರಿ ಒಪಿಡಿಯಲ್ಲಿ (ಹೊರರೋಗಿ ವಿಭಾಗದಲ್ಲಿ) ಇರುವುದು ಒಂದು ಮೇಜು, ರೋಗಿಯ ಜೊತೆ ಬಂದ ಮೂರು ಜನ ಸಂಬಂಧಿಕರು, ಬಾಗಿಲಲ್ಲಿ ಚೀಟಿ ಹಿಡಿದ ಸಾಲು. ಈ ಗದ್ದಲವೇ ನಿಮಗೆ ವರ. ಮಗಳ ಚಿಂತೆಯಲ್ಲಿರುವ ಡಾಕ್ಟರು ನಲವತ್ತು ಜನರ ಮುಂದೆ ಮುಖ ಬಿಗಿಹಿಡಿದು ‘ನಿದ್ದೆ ಹೇಗೆ ಬರ್ತಿದೆ?’ ಎಂದು ಕೇಳುತ್ತಲೇ ಇರಬೇಕು.

ನಿಜವಾದ ಒಪಿಡಿಯಲ್ಲಿ ಚಿತ್ರೀಕರಣಕ್ಕೆ ಕೈಹಾಕಬೇಡಿ. ರೋಗಿಯ ಒಪ್ಪಿಗೆ ಇಲ್ಲದೆ ಅವರ ಚಿತ್ರ, ವಿವರ ಮಾಧ್ಯಮಕ್ಕೆ ಹೋಗಬಾರದು ಎಂದು ಅದೇ 2017ರ ಮಾನಸಿಕ ಆರೋಗ್ಯ ಕಾಯ್ದೆ ಹೇಳುತ್ತದೆ. ರಜೆಯಲ್ಲಿರುವ ಶಾಲೆಯ ಒಂದು ಕೋಣೆ ಸಾಕು. ನೆಲದಿಂದ ನಾಲ್ಕೂವರೆ ಅಡಿಯವರೆಗೆ ತಿಳಿಹಸಿರು ಬಣ್ಣ, ಮೇಲೆ ಸುಣ್ಣದ ಬಿಳಿ. ಬಣ್ಣ ಹಚ್ಚಲು ಬಿಡದಿದ್ದರೆ ಹಸಿರು ಚಾರ್ಟ್ ಹಾಳೆಯನ್ನು ಎರಡು ಗೋಡೆಗೆ ಮಾತ್ರ ಅಂಟಿಸಿ, ಆ ಎರಡು ಗೋಡೆಗಳನ್ನೇ ತೋರಿಸಿ. ಉದ್ದನೆಯ ರಿಜಿಸ್ಟರು, ಬಿಪಿ ಯಂತ್ರ, ಸ್ಟೀಲ್ ಸ್ಟೂಲು, ‘ಹೊರರೋಗಿ ವಿಭಾಗ’ ಎಂಬ ಬೋರ್ಡು ಇರಲಿ. ಮೊಹರು ಮತ್ತು ಲೆಟರ್‌ಹೆಡ್ ಮಾತ್ರ ಯಾವ ಆಸ್ಪತ್ರೆಯದನ್ನೂ ಹೋಲದಂತೆ ಕಲ್ಪಿತ ಹೆಸರಿನಲ್ಲಿ ಮಾಡಿಸಿ, ಶೂಟಿಂಗ್ ಮುಗಿದ ದಿನವೇ ಸುಟ್ಟುಹಾಕಿ.

ರೋಗಿಯನ್ನು ಮೇಜಿನ ನೇರ ಎದುರಿಗೆ ಕೂರಿಸಬೇಡಿ. ಮೇಜಿನ ಮೂಲೆಗೆ, ಓರೆಯಾಗಿ ಕೂರಿಸಿ. ತನಿಖೆಯ ಹಾಗೆ ಅನಿಸಬಾರದೆಂದು ಮನೋವೈದ್ಯರು ಹೀಗೆ ಕೂರುತ್ತಾರೆ. ಕ್ಯಾಮೆರಾಕ್ಕೂ ಒಂದೇ ಚೌಕಟ್ಟಿನಲ್ಲಿ ಎರಡು ಮುಖ ಸಿಗುತ್ತವೆ. ಡಾಕ್ಟರು ಕುಸಿಯುತ್ತ ಹೋದಂತೆ ಕುರ್ಚಿ ಮೂಲೆಯಿಂದ ನೇರ ಎದುರಿಗೆ ಸರಿಯಲಿ. ಕೊನೆಯ ಭೇಟಿಯಲ್ಲಿ ಇಬ್ಬರೂ ಮುಖಾಮುಖಿ, ನಡುವೆ ಆ ಹಾಳೆ.

ಪರೀಕ್ಷೆಯ ದೃಶ್ಯವನ್ನು ಕೈತೂಕದಲ್ಲಿ ಬರೆಯಬೇಡಿ. ಮನೋವೈದ್ಯರು ನೋಡುವುದು ವೇಷಭೂಷಣ, ನಡವಳಿಕೆ, ಮಾತಿನ ವೇಗ, ಮನಸ್ಸಿನ ಭಾವ, ಆಲೋಚನೆಯ ಹರಿವು, ಇಲ್ಲದ್ದು ಕಾಣುವುದು ಕೇಳುವುದು ಇದೆಯೇ, ದಿನ ವಾರ ಜಾಗದ ಅರಿವು, ಲೆಕ್ಕ, ನೆನಪು, ತನಗೆ ಕಾಯಿಲೆ ಇದೆ ಎಂಬ ತಿಳಿವಳಿಕೆ. ಗಮನವನ್ನು ಅಳೆಯಲು ನೂರರಿಂದ ಏಳೇಳು ಕಳೆಯುತ್ತ ಹೋಗಲು ಹೇಳುವುದುಂಟು: 93, 86, 79, 72, 65. ಶಾಲೆ ಕಾಣದವರಿಗೆ ಅದನ್ನೇ ಅಂಗಡಿ ಲೆಕ್ಕದಲ್ಲಿ ಕೇಳುತ್ತಾರೆ. ಡಾಕ್ಟರು ‘ಅಜ್ಜಾ, ನೂರು ರೂಪಾಯಿ ಕೊಟ್ಟು ಮೂವತ್ತೈದರ ಸಾಮಾನು ತಗೊಂಡ್ರೆ ಎಷ್ಟು ವಾಪಸ್ ಬರುತ್ತೆ?’ ಎನ್ನಲಿ. ಅಜ್ಜ ಬೆರಳು ಸಹ ಮಡಿಸದೆ ‘ಅರವತ್ತೈದ್ರಿ ಸಾಹೇಬ್ರ’ ಎನ್ನಲಿ.

ಇದಾದ ಹತ್ತು ನಿಮಿಷಕ್ಕೆ ಡಾಕ್ಟರು ಬಚ್ಚಲುಮನೆಯ ಬಾಗಿಲು ಹಾಕಿಕೊಂಡು, ನಲ್ಲಿ ಹಿಡಿದು, ತನ್ನನ್ನು ತಾನೇ ಪರೀಕ್ಷೆ ಮಾಡಿಕೊಳ್ಳಲಿ. ‘ತೊಂಬತ್ಮೂರು. ಎಂಬತ್ತಾರು. ಎಪ್ಪತ್ತೊಂಬತ್ತು. ಎಪ್ಪತ್ತೆರಡು...’ ನಲ್ಲಿ ಮೂರು ಹನಿ ತೊಟ್ಟಿಕ್ಕುವಷ್ಟು ಹೊತ್ತು. ‘ಅರವತ್ನಾಲ್ಕು.’ ಬಕೆಟ್ಟಿನ ನೀರಲ್ಲಿ ಅವರ ಮುಖ ಅಲ್ಲಾಡುತ್ತದೆ. ಇದನ್ನು ನಲವತ್ತು ಸೆಕೆಂಡಿನ ಒಂದೇ ಶಾಟ್‌ನಲ್ಲಿ ತೆಗೆಯಿರಿ, ಕಟ್ ಬೇಡ, ಹಿನ್ನೆಲೆ ಸಂಗೀತವೂ ಬೇಡ. ತಪ್ಪಾಯಿತೆಂದು ಯಾವ ಪಾತ್ರವೂ ಹೇಳಬಾರದು. ಅಜ್ಜ ಸರಿ ಹೇಳಿದ ಸಂಖ್ಯೆಯನ್ನೇ ಡಾಕ್ಟರು ತಪ್ಪಿದ್ದಾರೆ ಎನ್ನುವುದನ್ನು ನೋಡುಗರೇ ಹಿಡಿಯಲಿ.

ಬಿಡಬೇಕಾದ ಸುಳ್ಳುಗಳೂ ಇವೆ. ಕರವಸ್ತ್ರ ಮೂಗಿಗೆ ಹಿಡಿದ ಎರಡೇ ಕ್ಷಣಕ್ಕೆ ಯಾರೂ ಎಚ್ಚರ ತಪ್ಪುವುದಿಲ್ಲ. ಸ್ನಾಯುವಿಗೆ ಕೊಟ್ಟ ಮಂಪರಿನ ಇಂಜೆಕ್ಷನ್ ಕೆಲಸ ಮಾಡಲು ಸಾಮಾನ್ಯವಾಗಿ ಹದಿನೈದರಿಂದ ಮೂವತ್ತು ನಿಮಿಷ ಬೇಕು. ಅರಿವಳಿಕೆ, ಸ್ನಾಯು ಸಡಿಲಿಸುವ ಔಷಧ ಇಲ್ಲದೆ ವಿದ್ಯುತ್ ಚಿಕಿತ್ಸೆ ಕೊಡುವುದನ್ನು, ಸರಪಳಿಯಲ್ಲಿ ಕಟ್ಟುವುದನ್ನು 2017ರ ಕಾಯ್ದೆ ನಿಷೇಧಿಸಿದೆ. ಅಜ್ಜನ ಪಾತ್ರಧಾರಿಗೆ ಕೆದರಿದ ತಲೆ, ಹರಿದ ಅಂಗಿ, ವಿನಾಕಾರಣ ನಗು ಕೊಡಬೇಡಿ. ಇಸ್ತ್ರಿ ಮಾಡಿದ ಬಿಳಿ ಅಂಗಿ, ಕಿಸೆಯಲ್ಲಿ ಗುಳಿಗೆಯ ಪಟ್ಟಿ, ಕೋರ್ಟಿಗೆ ಹೋಗಲು ಬೆಳಿಗ್ಗೆಯೇ ತಯಾರಾಗಿ ಕೂತ ಮನುಷ್ಯ ಅವನು. ತಾಲ್ಲೂಕು ಮಟ್ಟದ ಸಾಮಾನ್ಯ ವೈದ್ಯರೇ ಮಾನಸಿಕ ಕಾಯಿಲೆಗೆ ಚಿಕಿತ್ಸೆ ಕೊಡಬಹುದೆಂದು 1980ರ ದಶಕದಲ್ಲಿ ನಿಮ್ಹಾನ್ಸ್ ಮಾಡಿ ತೋರಿಸಿದ್ದು ಇದೇ ಬಳ್ಳಾರಿ ಜಿಲ್ಲೆಯಲ್ಲಿ. 1996ರಲ್ಲಿ ಶುರುವಾದ ದೇಶದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ‘ಬಳ್ಳಾರಿ ಮಾದರಿ’ಯೇ ಬುನಾದಿ. ಆ ಜಿಲ್ಲೆಯಿಂದ ಹೊರಡುವ ಚಿತ್ರ ರೋಗಿಯನ್ನು ಗೇಲಿಯ ವಸ್ತು ಮಾಡಿದರೆ ಅದು ನಮಗೇ ಅವಮಾನ.

ಮಾತು ಮತ್ತು ನಟರು

ಡಾಕ್ಟರು ಕೆಲಸದಲ್ಲಿ ‘ಏನಾಗ್ತಿದೆ ಹೇಳಿ’ ಎನ್ನುವವರು; ಮೂರನೇ ಕರೆಯ ಹೊತ್ತಿಗೆ ‘ಏನಾಗೈತಿ, ಲಗೂನ ಹೇಳ್ರಿ’ಗೆ ಇಳಿಯಲಿ. ಓದಿನ ಕನ್ನಡ ಕಳಚಿ ಮನೆಯ ಕನ್ನಡ ಹೊರಬರುವುದೇ ಒತ್ತಡದ ಅತಿ ನಿಜವಾದ ಗುರುತು. ಸುಳಿವನ್ನೂ ಮಾತಿನಲ್ಲೇ ಹುದುಗಿಸಬಹುದು. ಬಳ್ಳಾರಿ, ಕೊಪ್ಪಳದ ಕಡೆ ‘ಗಾಡಿ ಬಂದೈತಿ’ ಎಂದರೆ ರಾಯಚೂರಿನಿಂದ ಕಲಬುರಗಿ ಕಡೆ ಹೋದಂತೆ ‘ಬಂದದ’ ಕೇಳಿಸುತ್ತದೆ. ಬಳ್ಳಾರಿಯವನಂತೆ ನಟಿಸುವ ಖಳ ಎರಡನೇ ಕರೆಯಲ್ಲಿ ಒಮ್ಮೆ ಮಾತ್ರ ‘ಅದ’ ಎನ್ನಲಿ. ಮಾತು ಕೇಳುವುದೇ ಕಸುಬಾದ ಡಾಕ್ಟರಿಗೆ ಅದು ಹೊಳೆಯಬೇಕಾದದ್ದು ನ್ಯಾಯ.

ನಟರಿಗೆ ಬೆಂಗಳೂರಿನ ಕಡೆ ನೋಡಬೇಕಿಲ್ಲ. ಹೆಸರಾಂತ ರಂಗನಟ ಬಳ್ಳಾರಿ ರಾಘವರ ಊರು ಇದು, ರಂಗಭೂಮಿಯವರು, ಬಯಲಾಟದವರು ಸಾಕಷ್ಟಿದ್ದಾರೆ. ತೊಂದರೆ ಒಂದೇ: ಕೊನೆಯ ಸಾಲಿನವರಿಗೂ ಮುಟ್ಟಿಸಿ ರೂಢಿಯಾದ ದನಿ ಕ್ಯಾಮೆರಾ ಮುಂದೆ ಒರಟಾಗಿ ಕೇಳುತ್ತದೆ. ‘ಸಣ್ಣಗೆ ಮಾತಾಡಿ’ ಎಂದರೆ ಭಾವವೂ ಸಣ್ಣದಾಗುತ್ತದೆ. ಅದರ ಬದಲು ಪಕ್ಕದಲ್ಲಿ ಮಗುವೊಂದು ಮಲಗಿದೆ ಎಂದುಕೊಂಡು ಮಾತಾಡಲು ಹೇಳಿ. ಎರಡು ದಿನ ಬರೀ ಇದನ್ನೇ ರಿಹರ್ಸಲ್ ಮಾಡಿಸಿದರೆ ಮೂರನೇ ದಿನ ದಾರಿಗೆ ಬರುತ್ತದೆ.

ಫೋನಿನ ದೃಶ್ಯದಲ್ಲಿ ಖಳನ ಪಾತ್ರಧಾರಿ ಸೆಟ್ಟಿನಲ್ಲೇ, ಮತ್ತೊಂದು ಕೋಣೆಯಲ್ಲಿ ಕೂತು ನಿಜವಾಗಿ ಕರೆ ಮಾಡಿ ಮಾತಾಡಲಿ. ಸಹಾಯಕ ನಿರ್ದೇಶಕ ಪಕ್ಕದಲ್ಲಿ ಸಂಭಾಷಣೆ ಓದಿದರೆ ಡಾಕ್ಟರ ಮುಖದಲ್ಲಿ ಏನೂ ಹುಟ್ಟುವುದಿಲ್ಲ.

ಮಗು, ಬೀದಿ, ಪೊಲೀಸರು

ಇದನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. 2018ರಲ್ಲಿ ಮಕ್ಕಳ ಕಳ್ಳರು ಬಂದಿದ್ದಾರೆಂಬ ವಾಟ್ಸಾಪ್ ವದಂತಿಗೆ ಬೀದರ್ ಜಿಲ್ಲೆಯಲ್ಲಿ ಗುಂಪೊಂದು ಅಮಾಯಕನ ಜೀವ ತೆಗೆಯಿತು. ನಡುಬೀದಿಯಲ್ಲಿ ಶಾಲಾ ಸಮವಸ್ತ್ರದ ಹುಡುಗಿಯನ್ನು ವ್ಯಾನಿಗೆ ಎಳೆಯುವ ದೃಶ್ಯ ತೆಗೆದರೆ ದೂರದಲ್ಲಿ ನಿಂತವರಿಗೆ ಕ್ಯಾಮೆರಾ ಕಾಣುವುದಿಲ್ಲ, ಎಳೆಯುವ ಕೈ ಮಾತ್ರ ಕಾಣುತ್ತದೆ. ಆದ್ದರಿಂದ ಆ ದೃಶ್ಯವನ್ನು ಬರೆಯಲೇ ಬೇಡಿ. ಗೇಟಿನ ಬಳಿ ಬಿದ್ದ ಟಿಫಿನ್ ಡಬ್ಬಿ, ಚೆಲ್ಲಿದ ಒಗ್ಗರಣೆ ಮಂಡಕ್ಕಿ, ಅದರ ಮೇಲೆ ಹಾದುಹೋಗುವ ಸೈಕಲ್ಲಿನ ಗಾಲಿ ಸಾಕು. ತೆಗೆಯಲೇಬೇಕೆಂದರೆ ಗೋಡೆ ಇರುವ ಕಾಂಪೌಂಡಿನೊಳಗೆ ತೆಗೆಯಿರಿ. ಎರಡರಲ್ಲಿ ಯಾವುದಾದರೂ ಸರಿ, ದಿನಾಂಕ, ಜಾಗ, ವಾಹನದ ನಂಬರು, ಜನರ ಹೆಸರು ಬರೆದ ಪತ್ರವನ್ನು ಹತ್ತಿರದ ಠಾಣೆಗೆ ಕೊಟ್ಟು, ಸ್ವೀಕೃತಿ ಹಾಕಿಸಿಕೊಂಡ ಪ್ರತಿಯನ್ನು ಸೆಟ್ಟಿನಲ್ಲಿ ಇಟ್ಟುಕೊಳ್ಳಿ. ಪೊಲೀಸ್ ಪಾತ್ರಧಾರಿ ಸಮವಸ್ತ್ರದಲ್ಲೇ ಚಹಾ ಅಂಗಡಿಗೆ ಹೋಗಬಾರದು; ಶಾಟ್ ಮುಗಿದ ಕೂಡಲೇ ಮೇಲೊಂದು ಅಂಗಿ.

ಮಗಳ ಪಾತ್ರ 14ರ ಒಳಗಿನ ಹುಡುಗಿಯದಾದರೆ ಬಾಲಕಾರ್ಮಿಕ ನಿಯಮಗಳು ಅನ್ವಯಿಸುತ್ತವೆ. ಜಿಲ್ಲಾ ಮ್ಯಾಜಿಸ್ಟ್ರೇಟರ ಅನುಮತಿ ಬೇಕು. ದಿನಕ್ಕೆ ಐದು ತಾಸು ಮೀರುವಂತಿಲ್ಲ, ಬಿಡುವಿಲ್ಲದೆ ಮೂರು ತಾಸು ಮೀರುವಂತಿಲ್ಲ. ಸಂಭಾವನೆಯಲ್ಲಿ ಕನಿಷ್ಠ ಶೇ 20 ಮಗುವಿನ ಹೆಸರಿನ ಠೇವಣಿಗೆ ಹೋಗಬೇಕು. ಇದರ ಮೇಲೆ ನಿಮ್ಮದೇ ಒಂದು ನಿಯಮ ಇರಲಿ: ಬೆದರಿಕೆಯ ಸಂಭಾಷಣೆ ಹುಡುಗಿಯ ಕಿವಿಗೆ ಬೀಳಬಾರದು. ಅವಳ ಶಾಟ್‌ಗಳನ್ನು ಖಳ ಇಲ್ಲದ ದಿನ, ಅವಳ ತಾಯಿ ಪಕ್ಕದಲ್ಲಿರುವಾಗ ತೆಗೆಯಿರಿ. ಚಿತ್ರದ ಮೊದಲ ಅರ್ಧದಲ್ಲಿ ಅವಳನ್ನು ತೋರಿಸದಿದ್ದರೆ ಹೇಗೂ ಒಂದೇ ದಿನದಲ್ಲಿ ಅವಳ ಕೆಲಸ ಮುಗಿಯುತ್ತದೆ, ಕತೆಗೂ ಅದೇ ಒಳ್ಳೆಯದು.

ಡಾಕ್ಟರು 112ಕ್ಕೆ ಯಾಕೆ ಫೋನು ಮಾಡಲಿಲ್ಲ ಎಂಬ ಪ್ರಶ್ನೆಗೆ ಸ್ಕ್ರಿಪ್ಟಿನಲ್ಲಿ ಉತ್ತರ ಇರಲೇಬೇಕು. ಪೊಲೀಸರು ಬಂದ ಮೇಲೆ ಮೊಬೈಲಿನ ಜಾಗ ಎರಡೇ ನಿಮಿಷಕ್ಕೆ ನಕ್ಷೆಯ ಮೇಲೆ ಮಿನುಗಿಸಬೇಡಿ. ಮೇಲಧಿಕಾರಿಯ ಮೂಲಕ ಕಂಪನಿಗೆ ಕೋರಿಕೆ ಹೋಗಬೇಕು, ಬರುವ ಉತ್ತರವೂ ಟವರಿನ ಸುತ್ತಳತೆಯದು, ಮನೆ ನಂಬರಿನದಲ್ಲ.

ಬೆಳಕು, ನೆರಳು, ಸದ್ದು

ಆರು ತಾಸಿನ ಕತೆಯನ್ನು ನಾಲ್ಕು ದಿನ ತೆಗೆಯುವಾಗ ಮೊದಲು ಕೆಡುವುದು ನೆರಳು. ಬಳ್ಳಾರಿಯಲ್ಲಿ ಸೂರ್ಯ ನೆತ್ತಿಗೆ ಬರುವುದು ಹನ್ನೆರಡಕ್ಕಲ್ಲ, ಹನ್ನೆರಡು ಇಪ್ಪತ್ತರ ಸುಮಾರಿಗೆ. ಮೇ ಮೊದಲ ವಾರ, ಆಗಸ್ಟ್ ನಡುಭಾಗದಲ್ಲಿ ನಡುಹಗಲು ನೆರಳು ಕಾಲಡಿಗೇ ಸೇರಿ, ಕಣ್ಣಿನ ಗುಳಿ ಕಪ್ಪಾಗುತ್ತದೆ. ಬಿಸಿಲಿಗೆ ಕ್ಯಾಮೆರಾ, ಫೋನು ಕಾದು ನಿಲ್ಲುತ್ತವೆ. ಡಿಸೆಂಬರ್ ಆರಿಸಿಕೊಳ್ಳಿ. ಆಗ ನಡುಹಗಲಲ್ಲೂ ಆಳಿನ ಮುಕ್ಕಾಲು ಉದ್ದದ ನೆರಳು ಉತ್ತರಕ್ಕೆ ಬೀಳುತ್ತದೆ, ಮುಖಕ್ಕೆ ಓರೆ ಬೆಳಕು ಸಿಗುತ್ತದೆ, ಸಿರುಗುಪ್ಪದ ಕಡೆ ಭತ್ತದ ಸುಗ್ಗಿಯೂ ನಡೆದಿರುತ್ತದೆ. ಗೋಡೆ ಗಡಿಯಾರದ ಸೆಲ್ ತೆಗೆದು ಪ್ರತಿ ದೃಶ್ಯಕ್ಕೂ ಮುಳ್ಳನ್ನು ಕೈಯಿಂದ ತಿರುಗಿಸಿ. ರಿಸ್ಟ್ ವಾಚು, ಫೋನಿನ ತೆರೆ, ಗಡಿಯಾರ ಮೂರರ ಸಮಯವನ್ನು ಒಂದು ನೋಟ್‌ಬುಕ್ಕಿನಲ್ಲಿ ಒಬ್ಬರೇ ಬರೆದಿಡಲಿ. ಇಬ್ಬರು ಬರೆದರೆ ತಪ್ಪುತ್ತದೆ.

ಕ್ಯಾಮೆರಾ ಸೆಕೆಂಡಿಗೆ 25 ಫ್ರೇಮು, ಶಟರ್ 1/50. ನಮ್ಮ ಕರೆಂಟು 50 ಹರ್ಟ್ಸ್, 30 ಫ್ರೇಮು 1/60 ಇಟ್ಟರೆ ಟ್ಯೂಬ್‌ಲೈಟು ಮಿಣಮಿಣ ಎನ್ನುತ್ತದೆ. ಅಗ್ಗದ ಎಲ್‌ಇಡಿ ಬಲ್ಬು ಇಷ್ಟು ಮಾಡಿದರೂ ಮಿನುಗಬಹುದು, ಹಿಂದಿನ ದಿನವೇ ಒಂದು ನಿಮಿಷ ತೆಗೆದು ದೊಡ್ಡ ತೆರೆಯಲ್ಲಿ ನೋಡಿ.

ಸೀಲಿಂಗ್ ಫ್ಯಾನು ಪ್ರತಿ ಟೇಕಿಗೂ ಬಂದ್ ಆಗಬೇಕು, ಮಾತು ಕೆಡದಂತೆ ಅದರ ಸದ್ದನ್ನು ಆಮೇಲೆ ಪೂರ್ತಿ ತೆಗೆಯುವುದು ಕಷ್ಟ. ಅದರಿಂದ ನಟರಿಗೆ ಬರುವ ಬೆವರನ್ನು ಒರೆಸಬೇಡಿ. ಪ್ರತಿ ಜಾಗದಲ್ಲೂ ಎಲ್ಲರೂ ಬಾಯಿ ಮುಚ್ಚಿ ನಿಂತು ಒಂದು ನಿಮಿಷ ಕೋಣೆಯ ಖಾಲಿ ಸದ್ದು ಹಿಡಿಯಿರಿ. ಕಾಲರ್ ಮೈಕನ್ನು ಹತ್ತಿ ಬಟ್ಟೆಯ ಒಳಗೆ, ವೈದ್ಯಕೀಯ ಪೇಪರ್ ಟೇಪಿನಲ್ಲಿ ಅಂಟಿಸಿ. ಡಾಕ್ಟರ ಹೆಂಡತಿಯ ಪಾತ್ರಕ್ಕೆ ಸಿಂಥೆಟಿಕ್ ಸೀರೆ ಬೇಡ, ಸರಸರ ಸದ್ದು ಮಾತನ್ನು ನುಂಗುತ್ತದೆ.

ಫೋನಿನೊಳಗಿನ ದನಿಗೆ ಎಡಿಟಿಂಗಿನಲ್ಲಿ 300 ಹರ್ಟ್ಸ್‌ಗಿಂತ ಕೆಳಗಿನದನ್ನೂ 3400ಕ್ಕಿಂತ ಮೇಲಿನದನ್ನೂ ಕತ್ತರಿಸಿದರೆ ಹಳೆಯ ಫೋನಿನ ಗುಣ ಬರುತ್ತದೆ. ಖಳ ಮಿಲ್ಲಿನಲ್ಲಿದ್ದಾನೆ ಎಂಬ ಸುಳಿವು ಹಿನ್ನೆಲೆ ಸದ್ದಿನಿಂದ ಸಿಗುವುದಾದರೆ ಇಲ್ಲೊಂದು ಎಚ್ಚರ. ಮಿಲ್ಲಿನ ಗುಂಯ್ ಎನ್ನುವ ತಳದ ಸದ್ದು ಈ ಕತ್ತರಿಗೆ ಸಿಕ್ಕಿ ಮಾಯವಾಗುತ್ತದೆ, ಈಗಿನ ಮೊಬೈಲುಗಳಂತೂ ಒಂದೇ ಸಮನೆಯ ಸದ್ದನ್ನು ತಾವೇ ಅಡಗಿಸುತ್ತವೆ. ಉಳಿಯುವುದು ಜರಡಿಯ ಬಿಟ್ಟುಬಿಟ್ಟು ಬರುವ ಟಕಟಕ, ಪಾಳಿ ಬದಲಾಗುವಾಗಿನ ಸೈರನ್ನು. ಅದನ್ನೇ ಸುಳಿವು ಮಾಡಿ. ಮಿಲ್ಲು ಓಡುವ ದಿನ ಬರೀ ಸದ್ದು ಹಿಡಿದುಕೊಳ್ಳಿ, ಸಂಭಾಷಣೆಯನ್ನು ರಜೆಯ ದಿನ ತೆಗೆಯಿರಿ. ಹೊಟ್ಟಿನ ಧೂಳಿಗೆ ಕಿಡಿ ಹತ್ತಿದರೆ ಆರಿಸಲಾಗುವುದಿಲ್ಲ. ಅಲ್ಲಿ ಬೀಡಿ, ಹೊಗೆ ಯಂತ್ರ, ಸುಡುವ ಹ್ಯಾಲೊಜನ್ ದೀಪ ಯಾವುದೂ ಬೇಡ.

ಇನ್ನು ದೂರದ ಲೆಕ್ಕ. ಬಳ್ಳಾರಿಯಿಂದ ಸಿರುಗುಪ್ಪಕ್ಕೆ ಸುಮಾರು 55 ಕಿಲೋಮೀಟರು, ತಾಸಿಗೂ ಹೆಚ್ಚು ಹಿಡಿಯುತ್ತದೆ. ಡಾಕ್ಟರು 1:40ಕ್ಕೆ ಸುಳಿವು ಹಿಡಿದು 2 ಗಂಟೆಗೆ ಮಿಲ್ಲಿನ ಬಾಗಿಲಲ್ಲಿ ನಿಂತರೆ ಈ ಭಾಗದ ಒಬ್ಬ ನೋಡುಗನೂ ನಂಬುವುದಿಲ್ಲ. ತಲುಪಲಾಗದ ಆ ದೂರವೇ ಕ್ಲೈಮ್ಯಾಕ್ಸ್. ಡಾಕ್ಟರು ಬಳ್ಳಾರಿಯಲ್ಲೇ ಉಳಿಯಬೇಕು, ಸಿರುಗುಪ್ಪದಲ್ಲಿ ಬೇರೆ ಯಾರನ್ನೋ ನಂಬಬೇಕು, ಅಲ್ಲಿಯವರೆಗೆ ಖಳನನ್ನು ಮಾತಿನಲ್ಲಿ ಹಿಡಿದಿಡಬೇಕು. ಕಳೆದುಕೊಂಡ ತಾಳ್ಮೆ ಅವರಿಗೆ ಮರಳಿ ಸಿಗಬೇಕಾದದ್ದು ಇಲ್ಲಿ, ಈ ಕೊನೆಯ ಕರೆಯಲ್ಲಿ.

ಎಡಿಟಿಂಗಿನಲ್ಲಿ ಈ ಕರೆಯನ್ನು ಮೊದಲು ಬರೀ ಸದ್ದಾಗಿ ಜೋಡಿಸಿ, ಚಿತ್ರ ಇಲ್ಲದೆ ಕಣ್ಣು ಮುಚ್ಚಿ ಕೇಳಿ. ಎಲ್ಲಿ ಗಮನ ಜಾರುತ್ತದೋ ಅಲ್ಲಿ ಮಾತು ಹೆಚ್ಚಾಗಿದೆ. ಅದು ಸರಿಹೋದ ಮೇಲೆ ಮುಖಗಳನ್ನು ಹೊಂದಿಸಿ, ಡಾಕ್ಟರು ಮಾತಾಡುವಾಗಲ್ಲ, ಕೇಳಿಸಿಕೊಳ್ಳುವಾಗಿನ ಮುಖವನ್ನು ಹೆಚ್ಚು ಇಟ್ಟುಕೊಳ್ಳಿ. ಹೆಸರುಗಳು ಸಾಗುವಾಗ ಮಾನಸಿಕ ಆರೋಗ್ಯದ ಟೆಲಿ ಮಾನಸ್ ಸಹಾಯವಾಣಿ 14416 ಅನ್ನು ಕನಿಷ್ಠ ಐದು ಸೆಕೆಂಡು, ದೊಡ್ಡ ಅಕ್ಷರದಲ್ಲಿ, ಸದ್ದಿಲ್ಲದೆ ನಿಲ್ಲಿಸಿ.